ಹಾಡುವ ಪೆಟ್ಟಿಗೆ

ಮನೆಗೆ ಯಾವ ಪದಾರ್ಥವನ್ನು ಕೊಳ್ಳಹೋದರೂ ಅದನ್ನು ಬಳಸುವವರು ಯಾರು ಎಂಬ ಪ್ರಶ್ನೆ ಅಂಗಡಿಯಲ್ಲಿ ಏಳುವುದೇ ಇಲ್ಲ. ರುಬ್ಬುವ ಯಂತ್ರವನ್ನು ಕೇಳಿದರೆ ಮೋಟಾರಿನ ವ್ಯಾಟು ಎಷ್ಟೆಂದು ಹೇಳುತ್ತಾರೆ. ಮಂಚವನ್ನು ಕೇಳಿದರೆ ಮರದ ಜಾತಿಯನ್ನು ಹೇಳುತ್ತಾರೆ. ಹಾಡು ಕೇಳುವ ಪೆಟ್ಟಿಗೆ ಬೇಕೆಂದು ಹೋದವನ ಮುಂದೆ ಬಿಟ್ಟುಗಳ ಲೆಕ್ಕವನ್ನು ಹರಡುತ್ತಾರೆ. 16 ಬಿಟ್ಟು, 24 ಬಿಟ್ಟು, ಸೆಕೆಂಡಿಗೆ 44,100 ಮಾದರಿ, ಇನ್ನೂ ಹಣ ಕೊಟ್ಟರೆ 1,92,000 ಮಾದರಿ! ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಭಾಮಿನಿ ಷಟ್ಪದಿಯ ಮಾತ್ರೆಗಳನ್ನು ಬೆರಳ ಮೇಲೆ ಎಣಿಸಿ ಅಭ್ಯಾಸವಿದೆಯೇ ಹೊರತು ಈ ಗಣಿತ ನನ್ನ ಬೆರಳಿಗೆ ನಿಲುಕುವುದಲ್ಲ. ಆದರೂ ಕಳೆದ ವರ್ಷ ಅದನ್ನು ಕಲಿಯಬೇಕಾಯಿತು.

ಕಾರಣ ಇಷ್ಟೆ. ನಮ್ಮ ಮನೆಯ ಸಿ.ಡಿ. ಪ್ಲೇಯರು ಒಂದು ದಿನ ತಟ್ಟೆಯನ್ನು ಒಳಗೆ ತೆಗೆದುಕೊಂಡು ಸುಮ್ಮನೆ ಕುಳಿತುಬಿಟ್ಟಿತು. ರಿಪೇರಿಯವನು ಅದರ ಕಣ್ಣು ಹೋಗಿದೆ, ಬದಲಿ ಕಣ್ಣು ಸಿಕ್ಕುವುದಿಲ್ಲ ಎಂದ. ಇಪ್ಪತ್ತು ವರ್ಷದ ಆಂಪ್ಲಿಫೈಯರೂ ಅದರ ಜೊತೆಯ ಎರಡು ಸ್ಪೀಕರುಗಳೂ ಮಾತ್ರ ಗಟ್ಟಿಮುಟ್ಟಾಗಿದ್ದವು. ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ, “ಅಪ್ಪಾ, ಇನ್ನು ತಟ್ಟೆಯ ಕಾಲ ಮುಗಿಯಿತು. ಒಂದು ನೆಟ್‌ವರ್ಕ್ ಪ್ಲೇಯರ್ ತರೋಣ, ಒಂದು ಸ್ಟ್ರೀಮಿಂಗ್ ಸೇವೆಗೆ ಚಂದಾ ಕಟ್ಟೋಣ” ಎಂದ. ಮೊಬೈಲು ಫೋನಿನಿಂದ ಬ್ಲೂಟೂತಿನಲ್ಲಿ ಕೇಳಿದರೆ ಸಾಲದೆ ಎಂದು ನನ್ನಾಕೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಬ್ಲೂಟೂತಿನಲ್ಲಾದರೆ ಹಾಡು ಫೋನಿಗೆ ಬಂದು, ಅಲ್ಲಿಂದ ಮತ್ತೊಮ್ಮೆ ಹಿಂಡಿಸಿಕೊಂಡು ಸ್ಪೀಕರಿಗೆ ಹೋಗಬೇಕು. ಅದನ್ನಾದರೂ ಸಹಿಸಬಹುದು. ಭೀಮಸೇನ ಜೋಶಿಯವರು ತಾರಷಡ್ಜವನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ಸಾಲ ಬೇಕೆ ಎಂದು ಯಾರೋ ಫೋನು ಮಾಡಿ ಜೋಶಿಯವರನ್ನು ನಿಲ್ಲಿಸಿಬಿಡುವುದನ್ನು ಹೇಗೆ ಸಹಿಸುವುದು? ನೆಟ್‌ವರ್ಕ್ ಪ್ಲೇಯರಿನಲ್ಲಿ ಈ ತಾಪತ್ರಯವಿಲ್ಲ. ಫೋನು ಬರಿಯ ಅಪ್ಪಣೆ ಕೊಡುವ ಕೋಲು. ಹಾಡನ್ನು ಅಂತರಜಾಲದಿಂದ ನೇರವಾಗಿ ತಂದುಕೊಳ್ಳುವುದು ಪೆಟ್ಟಿಗೆಯೇ. ಅದರೊಳಗಿನ ಡ್ಯಾಕ್ ಎಂಬ ಭಾಗ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಮಾಡಿ ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಫೋನನ್ನು ಜೇಬಿನಲ್ಲಿಟ್ಟುಕೊಂಡು ತರಕಾರಿಗೆ ಹೊರಟುಹೋದರೂ ಹಾಡು ನಿಲ್ಲುವುದಿಲ್ಲ.

ಇನ್ನು ಬಿಟ್ಟುಗಳ ಮಾತು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂದಾಗ 16 ಬಿಟ್ಟು, 44,100 ಮಾದರಿ ಎಂದು ಗೊತ್ತುಮಾಡಿದರು. ಒಂದು ಧ್ವನಿಯ ಕಂಪನಗಳನ್ನು ಹಿಡಿದಿಡಬೇಕಾದರೆ ಅವುಗಳ ಇಮ್ಮಡಿಗಿಂತ ಹೆಚ್ಚು ಮಾದರಿಗಳು ಬೇಕು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳಿಂದಾಚೆಗೆ ಕೇಳದು. ಲೆಕ್ಕ ಅಲ್ಲಿಗೆ ಸರಿಹೋಯಿತು. ನಲವತ್ತು ದಾಟಿದ ನನ್ನಂಥವನಿಗೆ ಆ 20,000ವೂ ಇಲ್ಲ. ಹಾಗಿರುವಲ್ಲಿ 1,92,000ಕ್ಕೆ ದುಡ್ಡು ಕೊಡುವುದು ಬಾವಲಿಗೆ ಸಂಗೀತ ಕೇಳಿಸಿದಂತೆ. ಆದರೆ ಕೆಳಗಿನ ತುದಿಯ ವಿಚಾರ ಬೇರೆ. ಸಿ.ಡಿ.ಯ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್ಟುಗಳಷ್ಟು ಹರಿಯುತ್ತದೆ. ಸ್ಟ್ರೀಮಿಂಗ್ ಸೇವೆಗಳು ಬಹುಕಾಲ ಅದನ್ನು 320ಕ್ಕೋ ಅದಕ್ಕೂ ಕಡಿಮೆಗೋ ಸೋಸಿ ಕೊಡುತ್ತಿದ್ದವು. ಒಂದು ಬಿಟ್ಟೂ ಕಳೆಯದಂತೆ ಮಡಿಸಿ ಕಳಿಸುವ ಫ್ಲಾಕ್ ಎಂಬ ವಿಧಾನ 2001ರಿಂದಲೂ ಉಚಿತವಾಗಿ ಸಿಕ್ಕುತ್ತಿದೆ. ಆಪಲ್ ಮ್ಯೂಸಿಕ್ 2021ರಲ್ಲಿ ಹೆಚ್ಚಿನ ಹಣ ಕೇಳದೆ ತನ್ನದೇ ಆದ ನಷ್ಟವಿಲ್ಲದ ಧ್ವನಿಯನ್ನು ಕೊಡಲಾರಂಭಿಸಿತು. ಅದೇ ವರ್ಷ ಕೊಡುವೆನೆಂದು ಮಾತು ಕೊಟ್ಟ ಸ್ಪಾಟಿಫೈ ಅದನ್ನು ಬಡಿಸಿದ್ದು 2025ರಲ್ಲಿ. ವಿದೇಶೀ ಪತ್ರಿಕೆಗಳು ಹೊಗಳುವ ಟೈಡಲ್, ಕೋಬಝ್ ಎಂಬ ಸೇವೆಗಳು ನಾವು ಹುಡುಕುತ್ತಿದ್ದಾಗ ನಮ್ಮ ದೇಶದ ಚಂದಾದಾರರಿಗೆ ಬಾಗಿಲು ತೆರೆದಿರಲಿಲ್ಲ.

ಮಗ ನನ್ನ ಕಣ್ಣಿಗೆ ಟವಲು ಕಟ್ಟಿ ಪರೀಕ್ಷೆ ಮಾಡಿದ. ಒಂದೇ ಹಾಡು, ಒಮ್ಮೆ 320, ಒಮ್ಮೆ ಪೂರ್ಣ. ಹತ್ತು ಸಲದಲ್ಲಿ ಆರು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಐದು ಸಲ ಸರಿಯಾಗುತ್ತಿತ್ತು. ಹಳೆಯ ಗ್ರಾಮಫೋನ್ ತಟ್ಟೆಯಿಂದ ತೆಗೆದ ಮಲ್ಲಿಕಾರ್ಜುನ ಮನಸೂರರ ಹಾಡಿಗೆ ಬಿಟ್ಟು ಹೆಚ್ಚಿಸಿದರೆ ಹೆಚ್ಚುವುದು ತಟ್ಟೆಯ ಕರಕರ ಮಾತ್ರ. ಅದಕ್ಕಿಂತ ಕಿವಿಗೆ ನಿಜವಾಗಿ ತಾಕುವ ವಿಷಯಗಳು ಬೇರೆ ಇವೆ. ವಿಲಂಬಿತ ಮುಗಿದು ದ್ರುತ ಆರಂಭವಾಗುವ ಕಡೆ ಕೆಲವು ಪೆಟ್ಟಿಗೆಗಳು ಅರೆಕ್ಷಣ ಉಸಿರು ಕಟ್ಟುತ್ತವೆ; ತಂಬೂರಿಯ ಶ್ರುತಿ ಕಡಿದು ಮತ್ತೆ ಹತ್ತುತ್ತದೆ. ಬಿಟ್ಟುಬಿಡದೆ ನುಡಿಸುವ ಶಕ್ತಿ ಉಂಟೇ ಎಂದು ಕೇಳಿಯೇ ಕೊಳ್ಳಬೇಕು. ಹಾಗೆಯೇ ಎಲ್ಲ ಹಾಡುಗಳ ಗಟ್ಟಿತನವನ್ನೂ ಸಮಮಾಡುವ ಒಂದು ಸೌಲಭ್ಯವಿರುತ್ತದೆ. ಮದುವೆಮನೆಯ ಹಾಡುಗಳಿಗೆ ಅದು ಸರಿ, ವೀಣೆಗೆ ಬೇಡ, ಆರಿಸಿಬಿಡುವುದು ಲೇಸು.

ನನ್ನ ಜಗಳ ಇದ್ದದ್ದು ಬಿಟ್ಟಿನೊಡನೆ ಅಲ್ಲ, ಹೆಸರಿನೊಡನೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿ ಗ್ರಾಮಫೋನಿನ ಕಹಳೆಯ ಮುಂದೆ ಹಾಡಿ, ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ಅದು ಜಂಬವಲ್ಲ. ತಟ್ಟೆಗಳನ್ನು ಅಚ್ಚು ಮಾಡುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರನಿಗೆ ಯಾವ ಚೀಟಿಯನ್ನು ಯಾವ ತಟ್ಟೆಗೆ ಅಂಟಿಸಬೇಕೆಂದು ತಿಳಿಯಬೇಡವೆ? ಮೂರು ನಿಮಿಷದ ತಟ್ಟೆಯಲ್ಲಿ ಕೆಲವು ಕ್ಷಣಗಳನ್ನು ಹೆಸರಿಗಾಗಿ ಮೀಸಲಿಟ್ಟರು. ಇಂದು ಕೋಟಿಗಟ್ಟಲೆ ಹಾಡುಗಳ ಉಗ್ರಾಣದಲ್ಲಿ ಜಾಗಕ್ಕೆ ಬರವಿಲ್ಲ, ಹೆಸರಿಗೇ ಬರ. ಭೈರವಿ ಎಂದು ಹುಡುಕಿದರೆ ಹಿಂದೂಸ್ತಾನಿಯದೂ ನಮ್ಮದೂ ಕಲಸಿಹೋಗಿ ಬರುತ್ತವೆ. ಅವರ ಭೈರವಿಯ ಸ್ವರಗಳು ನಮ್ಮ ತೋಡಿಯವು. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ನಮ್ಮ ಭೈರವಿ ಬೇರೆಯೇ ಒಂದು. ಸಂಗೀತ ಬಲ್ಲವರಿಗೆ ಇದು ಮೊದಲ ಪಾಠ, ಯಂತ್ರಕ್ಕೆ ಮೂರೂ ಒಂದೇ ಕಾಗುಣಿತ. ಕಾಗುಣಿತವಾದರೂ ಒಂದೇ ಎಂದರೆ ಅದೂ ಇಲ್ಲ. ಇಂಗ್ಲಿಷಿನಲ್ಲಿ ತೋಡಿಗೆ ಒಂದು ಎಚ್ ಸೇರಿಸುವವರು ಉಂಟು, ಸೇರಿಸದವರು ಉಂಟು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲಿದ್ದ ಹೆಸರು ಗಾಂಧಾರಿ. ಇದನ್ನು ತಿಳಿಯದವನು ಎಷ್ಟು ಬಿಟ್ಟು ಕೊಟ್ಟು ಹುಡುಕಿದರೂ ಆ ಎಳೆಯ ಕಂಠ ಅವನಿಗೆ ಸಿಕ್ಕದು. ಪಕ್ಕವಾದ್ಯದವರ ಗತಿಯನ್ನಂತೂ ಹೇಳುವುದೇ ಬೇಡ. ಏಳು ತಂತಿಯ ಪಿಟೀಲಿನ ಚೌಡಯ್ಯನವರು ಮುಖ್ಯ ಗಾಯಕರಷ್ಟೇ ದೊಡ್ಡವರಾಗಿ ಕಛೇರಿಯಲ್ಲಿ ಕುಳಿತಿದ್ದರೂ, ಪಟ್ಟಿಯಲ್ಲಿ ಎಷ್ಟೋ ಸಲ ಅವರು ಇಲ್ಲವೇ ಇಲ್ಲ.

ಭಾವಗೀತೆಗೆ ಬಂದಾಗ ಇದು ನನ್ನ ಹೊಟ್ಟೆಪಾಡಿನ ವಿಷಯವಾಗುತ್ತದೆ. 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದಾಗ ನಿಸಾರ್ ಅಹಮದ್ ಬರೆದವರು, ಮೈಸೂರು ಅನಂತಸ್ವಾಮಿ ರಾಗ ಹಾಕಿದವರು ಎಂಬುದು ಕೇಳಿದವರಿಗೆಲ್ಲ ಗೊತ್ತಿತ್ತು. ಹಾಡು ಸುರುಳುತ್ತಿರುವಾಗ ರಟ್ಟಿನ ಚೀಟಿಯನ್ನು ಕೈಯಲ್ಲಿ ಹಿಡಿದು ಓದುವುದು ಕೇಳುವುದರ ಒಂದು ಅಂಗವೇ ಆಗಿತ್ತು. ಈಗ ಫೋನಿನ ಗಾಜಿನ ಮೇಲೆ ಗಾಯಕನ ಹೆಸರೊಂದು ಸರಿದುಹೋಗುತ್ತದೆ. ಕವಿ ಎಲ್ಲಿ ಎಂದರೆ ಮೂರು ಚುಕ್ಕೆಗಳನ್ನು ಒತ್ತಿ, ಒಳಗಿನ ಕೋಣೆಗೆ ಹೋಗಿ ಹುಡುಕಬೇಕು. ನಾವು ಒಂದು ತಿಂಗಳು ಪರೀಕ್ಷೆಗೆಂದು ಚಂದಾ ಕಟ್ಟಿದ್ದ ಒಂದು ಸೇವೆಯಲ್ಲಿ ಹಾಗೆ ಹುಡುಕಿದಾಗ, ಕವಿಯ ಜಾಗದಲ್ಲಿ ಧ್ವನಿಮುದ್ರಣ ಮಾಡಿದ ಕಂಪನಿಯ ಹೆಸರಿತ್ತು! ತರಗತಿಯಲ್ಲಿ ಶಿಶುನಾಳ ಶರೀಫರ ತತ್ತ್ವಪದವೊಂದನ್ನು ಓದಿ, ಇದು ಯಾರದು ಎಂದು ಕೇಳಿದೆ. ಮುಂದಿನ ಬೆಂಚಿನ ಜಾಣ ಹುಡುಗಿ ಎದ್ದುನಿಂತು, “ಸಿ. ಅಶ್ವಥ್ ಅವರದು ಸರ್” ಎಂದಳು. ಅವಳನ್ನು ಆಕ್ಷೇಪಿಸಿ ಫಲವೇನು? ಅವಳಿಗೆ ಸಿಕ್ಕಿದ್ದ ಚೀಟಿಯಲ್ಲಿ ಅಷ್ಟೇ ಇತ್ತು. ಅಶ್ವಥ್ ಅವರು ಇದ್ದಿದ್ದರೆ ಮೊದಲು ನೊಂದುಕೊಳ್ಳುತ್ತಿದ್ದವರು ಅವರೇ. ಆ ಸೇವೆಯನ್ನು ನಾವು ಬಿಟ್ಟೆವು. ಈಗ ಇಟ್ಟುಕೊಂಡಿರುವುದರಲ್ಲಿಯೂ ಕವಿ ಒಳಕೋಣೆಯಲ್ಲಿಯೇ ಇದ್ದಾನೆ; ಹುಡುಕಿದರೆ ಸಿಕ್ಕುತ್ತಾನೆ ಎಂಬಷ್ಟೇ ಸಮಾಧಾನ.

ಇದರ ಜೊತೆಗೆ ಇನ್ನೊಂದು ಭಯ. ಈ ಉಗ್ರಾಣ ನಮ್ಮದಲ್ಲ, ಬಾಡಿಗೆಯದು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ನಮ್ಮ ದೇಶದ ವಿಂಕ್ 2024ರಲ್ಲಿ ಮುಚ್ಚಿತು. ವರ್ಷಗಟ್ಟಲೆ ಕುಳಿತು ಆಯ್ದ ಪಟ್ಟಿಗಳು ಅಂಗಡಿಯ ಜೊತೆ ಹೋಗುತ್ತವೆ. ಪೆಟ್ಟಿಗೆಗಳಿಗೂ ಇದೇ ಆಯುಷ್ಯದ ಚಿಂತೆ. ಸ್ಕ್ವೀಝ್‌ಬಾಕ್ಸ್ ಎಂಬ ಹೆಸರಾಂತ ಪೆಟ್ಟಿಗೆಯ ತಯಾರಿಕೆ 2012ರಲ್ಲಿ ನಿಂತಿತು. ಅದು ಅವಲಂಬಿಸಿದ್ದ ಕಂಪನಿಯ ಜಾಲತಾಣವನ್ನು 2024ರಲ್ಲಿ ಮುಚ್ಚಿದರು. ಆದರೂ ಆ ಪೆಟ್ಟಿಗೆಗಳು ಸಾಯಲಿಲ್ಲ. ಅವುಗಳನ್ನು ನಡೆಸುವ ತಂತ್ರಾಂಶ ಎಲ್ಲರಿಗೂ ತೆರೆದಿದ್ದರಿಂದ, ಪ್ರೀತಿಯುಳ್ಳವರು ಅದನ್ನು ಲಿರಿಯನ್ ಎಂಬ ಹೆಸರಿನಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ಇದು: ಕಂಪನಿ ನಾಳೆ ಬಾಗಿಲು ಹಾಕಿದರೆ, ನನ್ನ ಮನೆಯ ಹಾರ್ಡ್‌ಡಿಸ್ಕಿನಲ್ಲಿರುವ ಹಾಡನ್ನು ಈ ಪೆಟ್ಟಿಗೆ ಯಾರ ಅಪ್ಪಣೆಯೂ ಇಲ್ಲದೆ ಹಾಡೀತೇ? ಅಂಗಡಿಯ ಹುಡುಗ ನನ್ನನ್ನು ನೋಡಿದ ರೀತಿ, ಮದುವೆಯ ಚಪ್ಪರದಲ್ಲಿ ಯಾರೋ ಜೀವವಿಮೆಯ ಮಾತೆತ್ತಿದಂತಿತ್ತು.

ಎರಡನೆಯ ಪ್ರಶ್ನೆ ಅಮ್ಮನದು. ಆಕೆಗೆ 78 ವರ್ಷ. ಗ್ಲಾಕೋಮಾ ಬಂದು ದೃಷ್ಟಿ ಅಂಚುಗಳಿಂದ ಮಾಸುತ್ತ ಬಂದು, ಈಗ ಬಾಗಿಲ ಬೆಳಕು ಕಾಣುತ್ತದೆ, ಬಂದವರ ಮುಖ ಕಾಣುವುದಿಲ್ಲ. ಹಳೆಯ ಮರ್ಫಿ ರೇಡಿಯೋ ಇದ್ದ ಕಾಲದಲ್ಲಿ ಗುಂಡಿಯನ್ನು ಎಷ್ಟು ತಿರುಗಿಸಿದರೆ ಮೈಸೂರು, ಇನ್ನೆಷ್ಟು ತಿರುಗಿಸಿದರೆ ಬೆಂಗಳೂರು ಎಂಬುದು ಆಕೆಯ ಕೈಗೆ ಗೊತ್ತಿತ್ತು. ಸಿ.ಡಿ. ಪ್ಲೇಯರಿನ ಗುಂಡಿಗಳನ್ನೂ ಕೈಯೇ ಬಲ್ಲದಾಗಿತ್ತು. ಗಾಜಿನ ಹಲಗೆಯ ಮೇಲೆ ಕೈಗೆ ಏನು ಸಿಕ್ಕೀತು? ಎಲ್ಲ ನುಣ್ಣಗೆ! ಪ್ಲೇಯರು ಕೆಟ್ಟ ಮೇಲೆ ಆಕೆ ಪ್ರತಿಯೊಂದು ಹಾಡಿಗೂ ಮೊಮ್ಮಗನನ್ನು ಕರೆಯಬೇಕಾಯಿತು. ಮೊದಮೊದಲು ಕರೆದರು. ಆಮೇಲೆ ಕಡಿಮೆಯಾಯಿತು. ಒಂದು ಸಂಜೆ ನಾನೇ, “ಅಮ್ಮಾ, ಏನಾದರೂ ಹಾಕಲೇ?” ಎಂದರೆ, “ಬೇಡ ಬಿಡೋ, ಹುಡುಗ ಓದ್ಕೋತಾ ಇದಾನೆ. ನೀನೂ ಈಗ ತಾನೆ ಕಾಲೇಜಿಂದ ಬಂದಿದೀಯ” ಎಂದರು. ಮನೆಯಲ್ಲಿ ಕೋಟಿ ಹಾಡುಗಳು ಹರಿದು ಬರುತ್ತಿದ್ದವು. ಹಾಡನ್ನು ಬಲ್ಲವರು ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು.

ಮಾತಿಗೆ ಓಗೊಡುವ ಯಂತ್ರವೊಂದನ್ನು ಗೆಳೆಯರ ಮನೆಯಿಂದ ತಂದು ನೋಡಿದೆವು. ಅಮ್ಮ ಅದಕ್ಕೆ, “ಪುರಂದರದಾಸರದು ಒಂದು ಹಾಕಪ್ಪ” ಎಂದು ಬಹುವಚನದ ಮರ್ಯಾದೆಯನ್ನೂ ಬೆರೆಸಿ ಹೇಳಿದರು. ಅದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿತು. ಅದನ್ನು ಹಿಂದಿರುಗಿಸಿದೆವು.

ಕಡೆಗೆ ಕೊಂಡದ್ದು ಒಂದು ಚಿಕ್ಕ ಕಪ್ಪು ಪೆಟ್ಟಿಗೆ. ಯಾವ ಕಂಪನಿಯದೆಂದು ಬರೆದರೆ ಇದು ಜಾಹೀರಾತಾದೀತು. ಅದಕ್ಕಿಂತ ಹೆಚ್ಚು ಬಿಟ್ಟಿನ, ಎರಡು ಪಾಲು ಬೆಲೆಯ ಚೆಲುವಾದ ಪೆಟ್ಟಿಗೆಗಳಿದ್ದವು. ಅವಕ್ಕೆ ಅಪ್ಪಣೆ ಕೊಡುವುದು ಫೋನಿನಿಂದ ಮಾತ್ರ. ಇದಕ್ಕೆ ಒಂದು ರಿಮೋಟು, ಅದರ ಮೇಲೆ ಕೈಗೆ ಸಿಕ್ಕುವ ನಾಲ್ಕು ಅಂಕೆಯ ಗುಂಡಿಗಳು. ಒಂದೊಂದು ಗುಂಡಿಗೂ ಒಂದೊಂದು ಪಟ್ಟಿಯನ್ನು ಕಟ್ಟಿಡಬಹುದು. ನನ್ನಾಕೆ ಗುಂಡಿಗಳ ಪಕ್ಕದಲ್ಲಿ ಸಣ್ಣ ಮಣಿಗಳನ್ನು ಅಂಟಿಸಿದಳು: ಮೊದಲನೆಯದಕ್ಕೆ ಒಂದು ಮಣಿ, ಎರಡನೆಯದಕ್ಕೆ ಎರಡು. ಒಂದು ಮಣಿ ಎಂದರೆ ಆಕಾಶವಾಣಿ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಹೊರಡಿಸಿದ ಆ ಹೆಸರಿನ ಬಾನುಲಿ ಈಗ ಅಂತರಜಾಲದಲ್ಲಿಯೂ ಬರುತ್ತದೆ. ಎರಡು ಮಣಿ ದಾಸರ ಪದ. ಮೂರು ಮಣಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಬೆಳಗ್ಗೆ ಐದೂವರೆಗೆ ನಾವಿನ್ನೂ ಹಾಸಿಗೆಯಲ್ಲಿರುವಾಗಲೇ ನಡುಮನೆಯಲ್ಲಿ ವೀಣೆ ಕೇಳಿಸಿದ ದಿನ, ಸದ್ದು ಸ್ವಲ್ಪ ಜೋರಾಯಿತೆಂದು ಯಾರೂ ಹೇಳಲಿಲ್ಲ.

ನಾಲ್ಕನೆಯ ಗುಂಡಿ ಯಾವ ಸೇವೆಯಲ್ಲಿಯೂ ಸಿಕ್ಕದ ಪಟ್ಟಿ. ನಮ್ಮ ತಂದೆಯವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಸಂಜೆಯಾದರೆ ಕುಮಾರವ್ಯಾಸನನ್ನು ಗಮಕದಲ್ಲಿ ಓದುತ್ತಿದ್ದರು. ನೆರೆಮನೆಯವರೊಬ್ಬರು ಆಸೆಪಟ್ಟು ಅದನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿದ್ದರು. 14 ಕ್ಯಾಸೆಟ್ಟು. ತಂದೆಯವರು ಹೋಗಿ ಹದಿನೈದು ವರ್ಷವಾಯಿತು. ಮಗ ಒಂದು ಹಳೆಯ ಡೆಕ್ಕನ್ನು ಕಂಪ್ಯೂಟರಿಗೆ ಜೋಡಿಸಿ ಒಂದೊಂದಾಗಿ ಇಳಿಸುತ್ತಿದ್ದಾನೆ. ಒಂದು ಗಂಟೆಯ ಕ್ಯಾಸೆಟ್ಟು ಸಿ.ಡಿ. ಲೆಕ್ಕದಲ್ಲಿ 600 ಮೆಗಾಬೈಟಿಗೆ ಸ್ವಲ್ಪ ಹೆಚ್ಚು. ಫ್ಲಾಕ್ ಮಾಡಿದರೆ ಹೆಚ್ಚುಕಡಿಮೆ ಅದರ ಅರ್ಧ. ಮೊದಲನೆಯದನ್ನು ಇಳಿಸಿದಾಗ ಹಿಂದೆ ಏನೋ ಒಂದು ಸುಯ್ಯೆನ್ನುವ ಸದ್ದು. ತಂತ್ರಾಂಶದಿಂದ ಅದನ್ನು ಒರೆಸಿಬಿಡುವೆನೆಂದು ಮಗ ಹೊರಟ. ಅಮ್ಮ ತಲೆಯೆತ್ತಿ, “ಅದನ್ನ ಮುಟ್ಟಬೇಡ್ವೋ. ಅದು ಹೆಂಚಿನ ಮೇಲಿನ ಮಳೆ” ಎಂದರು.

ಹೆಸರುಗಳನ್ನು ನಾವೇ ತುಂಬಬೇಕಲ್ಲ, ಅದನ್ನು ನಾನು ವಹಿಸಿಕೊಂಡೆ. ಕವಿ: ಕುಮಾರವ್ಯಾಸ. ವಾಚನ: ತಂದೆಯವರ ಪೂರ್ಣ ಹೆಸರು. ಭಾಗ: ಉದ್ಯೋಗಪರ್ವ. ವರ್ಷ ಯಾವುದೆಂದು ಚೀಟಿಯಲ್ಲಿ ಇರಲಿಲ್ಲ. ಮಗ ಅಜ್ಜಿಯನ್ನೇ ಕೇಳಿದ. “ನಿಮ್ಮಪ್ಪ ಏಳನೇ ಕ್ಲಾಸಿನಲ್ಲಿದ್ದ. ಆ ಮಳೆಗೇ ಹಿತ್ತಿಲ ಗೋಡೆ ಬಿದ್ದದ್ದು” ಎಂದರು. 1990 ಎಂದು ಬರೆದೆವು. ಐದು ಕ್ಯಾಸೆಟ್ಟು ಮುಗಿದಿವೆ. ಆರನೆಯದರ ಟೇಪು ಒಳಗೆಲ್ಲೋ ಸಿಕ್ಕಿಕೊಂಡಿದೆ. ಸುತ್ತಿ ಬಿಗಿಮಾಡಲು ಮಗ ಮನೆಯೆಲ್ಲ ಒಂದು ಪೆನ್ಸಿಲನ್ನು ಹುಡುಕುತ್ತಿದ್ದಾನೆ.