ನಗು ತರದ ಗೋಲು

ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಮೀನುಗಾರನ ಮಗ ಡೆನಿಸ್ ಲಾ. ಹುಟ್ಟಿದ್ದು 1940ರಲ್ಲಿ. ಮೆಳ್ಳೆಗಣ್ಣಿನ ಹುಡುಗ, ಒಂದು ಕಣ್ಣು ಮುಚ್ಚಿಕೊಂಡೇ ಚೆಂಡಾಡುತ್ತಿದ್ದ. ಹದಿಹರೆಯದಲ್ಲಿ ಶಸ್ತ್ರಚಿಕಿತ್ಸೆಯಾಗಿ ನೋಟ ನೆಟ್ಟಗಾಯಿತು. (ಮೆಳ್ಳೆಗಣ್ಣು ಹಣೆಬರಹವಲ್ಲ, ತಂದೆತಾಯಂದಿರು ಗಮನಿಸಬೇಕು.)

1960ರಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ಸೇರಿದ. ಇಟಲಿಗೆ ಹೋಗಿ ಬಂದವನು 1962ರಿಂದ ಹನ್ನೊಂದು ವರ್ಷ ಆಡಿದ್ದು ಅದೇ ಊರಿನ ಎದುರಾಳಿ ಯುನೈಟೆಡ್‌ಗೆ. ಹೊಡೆದ ಗೋಲುಗಳು 237! 1973ರಲ್ಲಿ ಯುನೈಟೆಡ್ ಕೈಬಿಟ್ಟಾಗ ಹಳೆಯ ಸಿಟಿಗೇ ಮರಳಿದ.

1974ರ ಏಪ್ರಿಲ್ 27. ಯುನೈಟೆಡ್ ಮೊದಲ ದರ್ಜೆಯಿಂದ ಕೆಳಗಿಳಿಯುವ ಅಂಚಿನಲ್ಲಿತ್ತು. ಅವರ ಅಂಗಳದಲ್ಲೇ ಸಿಟಿಯೊಡನೆ ಪಂದ್ಯ. ಮುಗಿಯಲು ಹತ್ತು ನಿಮಿಷವೂ ಇರಲಿಲ್ಲ. ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಲಾ ಹಿಮ್ಮಡಿಯಿಂದ ಚೆಂಡನ್ನು ತಟ್ಟಿದ. ಗೋಲು! ಜೊತೆಗಾರರು ಬಂದು ತಬ್ಬಿಕೊಂಡರೂ ಅವನ ಮುಖದಲ್ಲಿ ನಗುವಿಲ್ಲ. ತಲೆ ತಗ್ಗಿಸಿ ಮೈದಾನದಿಂದ ಹೊರನಡೆದ, ಬದಲಿ ಆಟಗಾರ ಒಳಬಂದ.

ಹಳೆಯ ತಂಡವನ್ನು ಲಾ ಕೆಳಗಿಳಿಸಿದ ಎಂದು ಹೇಳುವವರು ಇಂದಿಗೂ ಇದ್ದಾರೆ. ಅಂಕಗಳ ಲೆಕ್ಕ ಬೇರೆ ಹೇಳುತ್ತದೆ. ಅದೇ ದಿನ ಬರ್ಮಿಂಗ್‌ಹ್ಯಾಮ್ ಗೆದ್ದದ್ದರಿಂದ, ಯುನೈಟೆಡ್ ಈ ಪಂದ್ಯ ಗೆದ್ದಿದ್ದರೂ ಇಳಿಯಲೇಬೇಕಿತ್ತು. ಹಿಮ್ಮಡಿ ತಟ್ಟುವ ಹೊತ್ತಿಗೆ ಅದು ಅವನಿಗೆ ಗೊತ್ತಿರಲಿಲ್ಲ, ಅಷ್ಟೆ.

ಲೀಗ್ ಪಂದ್ಯಗಳಲ್ಲಿ ಅವನ ಕಾಲಿಗೆ ತಾಗಿದ ಕೊನೆಯ ಚೆಂಡು ಅದೇ.