ನಾನು ಡಿಲೀಟ್ ಮಾಡಿದ ಫೋಟೋ

ಭಾಗ 1/5

ಫೆಬ್ರವರಿಯಲ್ಲಿ ನಾನು ಹಾಕಿದ್ದ ಒಂದು ಫೋಟೋ ನಿಮ್ಮಲ್ಲಿ ಕೆಲವರಿಗಾದ್ರೂ ನೆನಪಿರುತ್ತೆ. ಚಿಕ್ಕಪ್ಪನ ಮಗಳ ಮದುವೆ. ಛತ್ರದ ಬಾಗಿಲಲ್ಲಿ ನಮ್ಮಣ್ಣ ಬಿಳಿ ಪಂಚೆ, ಶಲ್ಯ ಹಾಕ್ಕೊಂಡು, ಕೈಯಲ್ಲಿ ಕ್ರಚಸ್ ಇಲ್ಲದೆ ನೆಟ್ಟಗೆ ನಿಂತಿದ್ದ. ‘ಅಣ್ಣ ಈಸ್ ಬ್ಯಾಕ್’ ಅಂತ ಬರೆದು ಹಾಕಿದ್ದೆ. ನೀವೆಲ್ಲ ಹಾರ್ಟು, ಬೆಂಕಿ ಸುರಿದ್ರಿ. ಮಾರನೇ ದಿನ ಸಂಜೆ ಹೊತ್ತಿಗೆ ಆ ಫೋಟೋ ಇರಲಿಲ್ಲ. ಯಾಕೆ ತೆಗೆದೆ ಅಂತ ಕ್ಲಾಸಲ್ಲಿ ಕೇಳಿದವರಿಗೆ ‘ಲೈಟಿಂಗ್ ಚೆನ್ನಾಗಿರ್ಲಿಲ್ಲ’ ಅಂದೆ. ಸುಳ್ಳು. ನಿಜ ಏನು ಅಂತ ಈ ಐದು ಪೋಸ್ಟಲ್ಲಿ ಹೇಳ್ತೀನಿ. ನಿಮ್ಮನೇಲೋ ಹಾಸ್ಟೆಲ್ಲಲ್ಲೋ ಯಾರಾದ್ರೂ ಮೊಣಕಾಲು ಆಪರೇಷನ್ ಮಾಡಿಸ್ಕೊಂಡು ಬಂದ್ರೆ ನಾನು ಮಾಡಿದ ತಪ್ಪನ್ನ ನೀವು ಮಾಡ್ಬಾರ್ದು, ಅದಕ್ಕೆ.

ಅಣ್ಣ ಕಬಡ್ಡಿ ಆಡ್ತಾನೆ. ಡಿಸೆಂಬರಲ್ಲಿ ಒಂದು ಮ್ಯಾಚಲ್ಲಿ ರೈಡ್ ಹೋದವನು ಸರಕ್ಕನೆ ತಿರುಗಿದ. ಪಾದ ನೆಲಕ್ಕೆ ಕಚ್ಕೊಂಡಿತ್ತು, ಮೊಣಕಾಲು ಮಾತ್ರ ತಿರುಗ್ತು. ಎಂಆರ್‌ಐ ನೋಡಿ ಡಾಕ್ಟರ್ ಹೇಳಿದ್ದು: ತೊಡೆ ಮೂಳೆಯ ತುದೀಲಿ ಕಾರ್ಟಿಲೇಜ್ ಒಂದು ಕಡೆ ಕಿತ್ತುಹೋಗಿದೆ.

ಕಾರ್ಟಿಲೇಜ್ ಅಂದ್ರೆ ಹೈಸ್ಕೂಲಲ್ಲಿ ಓದಿದ ಮೃದ್ವಸ್ಥಿ. ಕೋಳಿ ತಿನ್ನೋರಿಗೆ ಇನ್ನೂ ಸುಲಭ: ಕಾಲಿನ ಮೂಳೆ ತುದೀಲಿ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಲ್ಲ, ಅದೇ. ನಮ್ಮ ಮೊಣಕಾಲಲ್ಲಿ ಅದು ಕೆಲವೇ ಮಿಲಿಮೀಟರ್ ದಪ್ಪ. ಅದಕ್ಕೆ ರಕ್ತನಾಳ ಇಲ್ಲ, ನರನೂ ಇಲ್ಲ. ರಕ್ತ ಇಲ್ಲದ ಮೇಲೆ ಚರ್ಮದ ಗಾಯದ ಹಾಗೆ ತಾನಾಗೇ ಮಾಯಲ್ಲ. ಒಮ್ಮೆ ಹಾಳಾದ ಕಾರ್ಟಿಲೇಜ್ ಮತ್ತೆ ಸರಿಹೋಗಲ್ಲ ಅಂತ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ರು. ‘ನರ ಇಲ್ಲ’ ಅನ್ನೋದನ್ನ ಸ್ವಲ್ಪ ನೆನಪಿಟ್ಕೊಳ್ಳಿ, ನಾಲ್ಕನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 2/5

ಜನವರಿಯಲ್ಲಿ ಅಣ್ಣನಿಗೆ ಮೈಕ್ರೋಫ್ರ್ಯಾಕ್ಚರ್ ಅನ್ನೋ ಆಪರೇಷನ್ ಆಯ್ತು. 1980ರ ದಶಕದಲ್ಲಿ ಅಮೆರಿಕದ ಡಾ. ರಿಚರ್ಡ್ ಸ್ಟೆಡ್‌ಮನ್ ರೂಢಿಗೆ ತಂದ ವಿಧಾನ ಇದು. ಕಾರ್ಟಿಲೇಜ್ ಹೋದ ಜಾಗ ಕ್ಲೀನ್ ಮಾಡಿ, ಕೆಳಗಿನ ಮೂಳೆಗೆ ಸಣ್ಣ ಸಣ್ಣ ತೂತು ಹಾಕ್ತಾರೆ. ಒಳಗಿನ ಮಜ್ಜೆಯಿಂದ ರಕ್ತ ಬಂದು ಅಲ್ಲಿ ಹೆಪ್ಪುಗಟ್ಟುತ್ತೆ. ಆ ಹೆಪ್ಪಲ್ಲಿರೋ ಜೀವಕೋಶಗಳು ನಿಧಾನಕ್ಕೆ ಹೊಸ ಪದರ ಕಟ್ಟುತ್ತವೆ. ಅದು ನಾರಿನ ಥರದ್ದು, ಹಳೇದರಷ್ಟು ಗಟ್ಟಿ ಅಲ್ಲ. ಆದ್ರೂ ಬರೀ ಮೂಳೆಗೆ ಮೂಳೆ ಉಜ್ಜೋದಕ್ಕಿಂತ ಎಷ್ಟೋ ವಾಸಿ.

ಡಾಕ್ಟರ್ ಎರಡೇ ಮಾತು ಹೇಳಿ ಕಳಿಸಿದ್ರು. ಆರು ವಾರ ಆ ಕಾಲಿನ ಮೇಲೆ ಭಾರ ಬಿಡಬಾರ್ದು. ಆದ್ರೆ ಮಡಚೋದು, ಚಾಚೋದು ನಿಲ್ಲಿಸ್ಬಾರ್ದು. ಭಾರ ಬಿದ್ರೆ ಎಳೆ ಪದರ ಹಾಳಾಗುತ್ತೆ. ಆಡಿಸದೇ ಇದ್ರೆ ಕೀಲು ಬಿಗ್ಕೊಳ್ಳುತ್ತೆ, ಕಾರ್ಟಿಲೇಜ್‌ಗೆ ಊಟನೂ ಸಿಗಲ್ಲ, ಯಾಕಂದ್ರೆ ಅದಕ್ಕೆ ಊಟ ಬರೋದು ಕೀಲೊಳಗಿನ ದ್ರವದಿಂದ.

ಕೇಳೋಕೆ ಸುಲಭ. ಮನೆಗೆ ಬಂದ ಮೇಲೆ ಗೊತ್ತಾಯ್ತು. ನಮ್ದು ಮೇಲಿನ ಮನೆ, 11 ಮೆಟ್ಟಿಲು. ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ಕ್ರಚಸ್ ಜೊತೆ ಆಪರೇಷನ್ ಆದ ಕಾಲು ಮೊದಲು, ಅಂತ ಫಿಸಿಯೋ ಹೇಳ್ಕೊಟ್ಟಿದ್ರು. ಕ್ರಚಸ್‌ನ ಕಂಕುಳಿಗೆ ಒತ್ಕೊಳ್ದೆ ಕೈ ಮೇಲೆ ಭಾರ ಹಾಕ್ಬೇಕು ಅಂತಾನೂ. ಊಟಕ್ಕೆ ನಾವೆಲ್ಲ ನೆಲದ ಮೇಲೆ ಕೂರೋರು, ಇವನಿಗೊಬ್ಬನಿಗೆ ಕುರ್ಚಿ. ಟಾಯ್ಲೆಟ್ ಕೆಳಗೆ ಕೂರೋ ಥರದ್ದು, ಅದಂತೂ ಆಗೋದೇ ಇಲ್ಲ. ಅಪ್ಪ ಕಮೋಡ್ ಚೇರ್ ತಂದ್ರು.

ಮೂರನೇ ದಿನ ಒಂದು ವಿಷಯ ಗಮನಿಸಿದೆ. ಬೆಳಗ್ಗೆ ನಾನು ತುಂಬಿಸಿಟ್ಟ ನೀರಿನ ಬಾಟಲಿ ಸಂಜೆಗೂ ಹಾಗೇ ಇತ್ತು. ಬೈದೆ. ಗೋಡೆ ಕಡೆ ಮುಖ ಮಾಡ್ಕೊಂಡು, ‘ನೀರು ಕುಡಿದ್ರೆ ಆಮೇಲೆ ಅಪ್ಪನ್ನ ಕರೀಬೇಕಲ್ಲೇ’ ಅಂದ. 24 ವರ್ಷದವನು, ಅಂಕಣದಲ್ಲಿ ನಾಲ್ಕು ಜನ ಹಿಡ್ಕೊಂಡ್ರೂ ಎಳ್ಕೊಂಡು ಬರ್ತಿದ್ದವನು. ಅವತ್ತಿಂದ ಅಮ್ಮನ ಹಳೇ ಸೀರೆ ಕಟ್ಟಿ ಮೂಲೇಲಿ ಒಂದು ಮರೆ ಮಾಡಿದ್ವಿ. ಅಪ್ಪ ಕರೆಯೋವರೆಗೂ ಕಾಯ್ತಿರ್ಲಿಲ್ಲ, ಮೂರು ಗಂಟೆಗೊಂದು ಸಲ ತಾವೇ ಬಂದು ‘ಏಳೋ’ ಅಂತಿದ್ರು. ಬಾಟಲಿ ಖಾಲಿ ಆಗೋಕೆ ಶುರುವಾಯ್ತು.

ನೋಡ್ಕೊಳ್ಳೋದು ಅಂದ್ರೆ ಮೊದಲು ಇದು ಅನ್ಸುತ್ತೆ ನಂಗೆ: ಅವರು ಬಾಯಿಬಿಟ್ಟು ಕೇಳೋ ಹಾಗೆ ಮಾಡ್ಬೇಡಿ.

ಭಾಗ 3/5

ಈ ಫೋಟೋದಲ್ಲಿರೋದು ನನ್ನ ಲಾಂಗ್ ನೋಟ್‌ಬುಕ್. ಬಿಕಾಂ ಬುದ್ಧಿ, ಎಲ್ಲದಕ್ಕೂ ಕಾಲಮ್ಮು. ಮಾತ್ರೆ, ಐಸ್, ವ್ಯಾಯಾಮ, ಊತ. ಅಣ್ಣ ಇದಕ್ಕೆ ‘ಮೊಣಕಾಲಿನ ಡೇ ಬುಕ್’ ಅಂತ ಹೆಸರಿಟ್ಟಿದ್ದ.

ವ್ಯಾಯಾಮ ಅಂದ್ರೆ ನೀವು ರೀಲ್ಸಲ್ಲಿ ನೋಡೋ ಥರದ್ದಲ್ಲ. ಕಾಲು ಚಾಚಿ ಮಲಗಿ ತೊಡೆ ಸ್ನಾಯು ಬಿಗಿ ಹಿಡಿಯೋದು, ಐದು ಎಣಿಸಿ ಬಿಡೋದು. ಪಾದ ಮೇಲೆ ಕೆಳಗೆ ಆಡಿಸೋದು. ಹಾಸಿಗೆ ಮೇಲೆ ಹಿಮ್ಮಡಿ ಜಾರಿಸ್ತಾ ಮಂಡಿ ಮಡಚೋದು. ಮೊದಲ ವಾರ ತೊಡೆ ಬಿಗಿ ಮಾಡು ಅಂದ್ರೆ ಅವನ ಸ್ನಾಯು ಅಲುಗ್ತಾನೇ ಇರ್ಲಿಲ್ಲ. ಆಪರೇಷನ್ ಆದ ಮೊಣಕಾಲು ಊದಿದಾಗ ತೊಡೆ ಮುಂದಿನ ಸ್ನಾಯು ಹೀಗೇ ಮಲಗಿಬಿಡುತ್ತಂತೆ. ಮೂರು ವಾರಕ್ಕೆ ಅಮ್ಮನ ಹೊಲಿಗೆ ಟೇಪಲ್ಲಿ ಅಳೆದ್ರೆ ಆ ತೊಡೆ ಇನ್ನೊಂದಕ್ಕಿಂತ 3 ಸೆಂಟಿಮೀಟರ್ ಕಮ್ಮಿ. ಅವನು ಟೇಪು ಕಿತ್ಕೊಂಡು ಇನ್ನೊಂದ್ಸಲ ತಾನೇ ಅಳೆದ.

ನಮ್ಗೆ ಗೊತ್ತಿಲ್ದೆ ಮಾಡ್ತಿದ್ದ ಒಂದು ತಪ್ಪು: ಆರಾಮಾಗಿರ್ಲಿ ಅಂತ ಮಂಡಿ ಕೆಳಗೆ ದಿಂಬು ಇಡೋದು. ಹಾಗಿಟ್ರೆ ಕಾಲು ಮಡಚಿದ ಹಾಗೇ ಬಿಗಿಯುತ್ತೆ, ಆಮೇಲೆ ಪೂರ್ತಿ ನೆಟ್ಟಗಾಗಲ್ಲ. ದಿಂಬು ಇಡೋದಾದ್ರೆ ಹಿಮ್ಮಡಿ ಕೆಳಗೆ ಅಂದ್ರು ಫಿಸಿಯೋ. ಐಸನ್ನೂ ನೇರ ಚರ್ಮಕ್ಕೆ ಒತ್ಬೇಡಿ. ಬಟ್ಟೆ ಸುತ್ತಿ, 15 ನಿಮಿಷ ಸಾಕು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಪೆನ್ನಲ್ಲಿ ಬರೆದಿದ್ದೆ: ಮೀನಖಂಡ ಊದಿ ನೋವು, ಬಿಸಿ ಇದ್ರೆ, ಜ್ವರ ಬಂದ್ರೆ, ಗಾಯದಿಂದ ಕೀವು ಸೋರಿದ್ರೆ ಅವತ್ತೇ ಆಸ್ಪತ್ರೆಗೆ. ಉಸಿರು ಕಟ್ಟಿದ್ರೆ, ಎದೆ ನೋವು ಬಂದ್ರೆ ಆ ಕ್ಷಣವೇ. ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ.

ಇನ್ನು ಊಟ. ಅಜ್ಜಿದು ‘ಕಾಲಿಗೆ ಕಾಲೇ ಮದ್ದು’ ಅಂತ ವಾರಕ್ಕೆರಡು ಸಲ ಕಾಲು ಸೂಪು. ಸೂಪು ನೇರವಾಗಿ ಮಂಡಿಗೆ ಹೋಗಿ ಕಾರ್ಟಿಲೇಜ್ ಆಗಲ್ಲ, ಹೊಟ್ಟೇಲಿ ಎಲ್ಲದರ ಹಾಗೆ ಅದೂ ಜೀರ್ಣ ಆಗುತ್ತೆ. ಆದ್ರೆ ಸೊರಗಿದ ಸ್ನಾಯುವಿಗೆ ಪ್ರೋಟೀನ್ ಬೇಕೇ ಬೇಕು. ಮೊಟ್ಟೆ, ಹೆಸರುಕಾಳು, ಮೊಸರು ನಮ್ಮನೇಲೇ ಇತ್ತು. ಪರಿಚಯದವರೊಬ್ಬರು ಸಾವಿರಾರು ರೂಪಾಯಿಯ ಪೌಡರ್ ಡಬ್ಬ ತಂದ್ರು, ಅಮ್ಮ ಕಾಫಿ ಕೊಟ್ಟು ಕಳಿಸಿದ್ರು. ಡಾಕ್ಟರ್ ಖಂಡಿತವಾಗಿ ಹೇಳಿದ್ದು ಒಂದೇ: ಸಿಗರೇಟ್ ಮುಟ್ಬೇಡ, ವಾಸಿಯಾಗೋದು ನಿಧಾನ ಆಗುತ್ತೆ. ಅಣ್ಣ ತಲೆ ತಗ್ಗಿಸಿದ. ಅಮ್ಮನಿಗೆ ಅವತ್ತೇ ಗೊತ್ತಾಗಿದ್ದು.

ಭಾಗ 4/5

ಈಗ ಆ ಫೋಟೋ.

ಐದನೇ ವಾರ. ಹೊಲಿಗೆ ಬಿಚ್ಚಿ ಎಷ್ಟೋ ದಿನ ಆಗಿತ್ತು. ಊತ ಇಳಿದಿತ್ತು, ನೋವಿನ ಮಾತ್ರೆ ನಿಂತಿತ್ತು. ನೋಟ್‌ಬುಕ್ಕಲ್ಲಿ ನೋವಿನ ಕಾಲಮ್ಮಲ್ಲಿ ಸಾಲಾಗಿ ಸೊನ್ನೆ. ನಂಗೆ ಪರೀಕ್ಷೇಲಿ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆದಷ್ಟು ಖುಷಿ.

ಛತ್ರದಲ್ಲಿ ಎಲ್ಲರೂ ಅದೇ ಪ್ರಶ್ನೆ. ‘ಇನ್ನೂ ಕೋಲು ಬಿಟ್ಟಿಲ್ವಾ?’ ‘ಯಾವಾಗಪ್ಪ ಮತ್ತೆ ಆಡೋದು?’ ಅವನ ಟೀಮಿನ ಹುಡುಗರೂ ಬಂದಿದ್ರು. ನಾನೇ ಹೇಳಿದ್ದು: ‘ಒಂದ್ನಿಮಿಷ ಕ್ರಚಸ್ ಕೊಡೋ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ.’ ಅವನು ಅನುಮಾನ ಮಾಡಿದ. ‘ನೋವಿಲ್ವಲ್ಲ?’ ಅಂದೆ. ‘ಇಲ್ಲ’ ಅಂದ. ಕ್ರಚಸ್ ತಗೊಂಡು ಕಂಬಕ್ಕೆ ಒರಗಿಸಿದೆ. ಕ್ಲಿಕ್.

ಒಂದ್ನಿಮಿಷ ಅನ್ನೋದು ಒಂದು ಗಂಟೆ ಆಯ್ತು. ಫೋಟೋ ಆದ್ಮೇಲೆ ಅವನು ಕ್ರಚಸ್ ಕೇಳ್ಲಿಲ್ಲ, ನಾನೂ ಕೊಡ್ಲಿಲ್ಲ. ಧಾರೆಗೆ ನಡ್ಕೊಂಡು ಹೋದ, ಪಂಕ್ತಿಗೆ ನಡ್ಕೊಂಡು ಬಂದ. ಸ್ವಲ್ಪನೂ ಕುಂಟ್ಲಿಲ್ಲ.

ಮಾರನೇ ದಿನ ಬೆಳಗ್ಗೆ ಮಂಡಿ ತೆಂಗಿನಕಾಯಿ ಥರ ಊದಿತ್ತು. ಆಸ್ಪತ್ರೇಲಿ ಡಾಕ್ಟರ್ ಬೈಯ್ಲಿಲ್ಲ, ಅದೇ ಕಷ್ಟ ಆಯ್ತು. ನಿಧಾನಕ್ಕೆ ಹೇಳಿದ್ರು: ‘ಕಾರ್ಟಿಲೇಜ್‌ಗೆ ನರ ಇಲ್ಲಮ್ಮ. ನೋವು ಹೋಯ್ತು ಅಂದ್ರೆ ಚರ್ಮ, ಮೇಲಿನ ಗಾಯ ವಾಸಿ ಆಗಿದೆ ಅಂತ. ಒಳಗಿನ ಪದರ ಗಟ್ಟಿಯಾಗೋಕೆ ಇನ್ನೂ ತಿಂಗಳುಗಟ್ಟಲೆ ಬೇಕು. ಅದು ಕೂಗಿ ಹೇಳಲ್ಲ.’ ಇನ್ನೂ ಎರಡು ವಾರ ಕ್ರಚಸ್ ಜಾಸ್ತಿ ಬರೆದ್ರು.

ಆಟೋದಲ್ಲಿ ಬರ್ತಾ ಫೋಟೋ ಡಿಲೀಟ್ ಮಾಡಿದೆ. 300ಕ್ಕೂ ಜಾಸ್ತಿ ಲೈಕ್ಸ್ ಇತ್ತು. ಅಣ್ಣ ನೋಡಿ, ‘ಬಿಡೇ, ನಾನೇನು ಚಿಕ್ಕ ಮಗುನಾ, ನಾನೇ ತಾನೇ ನಡೆದಿದ್ದು’ ಅಂದ. ಅವನು ಹೀಗಂದಿದ್ದಕ್ಕೇ ಅಳು ಬಂತು.

ಭಾಗ 5/5

ಈಗ ಎಂಟು ತಿಂಗಳು. ಆ ಒಂದು ಗಂಟೆಯಿಂದ ಒಳಗೆ ಏನಾದ್ರೂ ಹಾಳಾಯ್ತಾ ಅಂತ ಡಾಕ್ಟರನ್ನ ಕೇಳಿದ್ದೆ. ‘ಅದನ್ನ ಬಿಡಿಸಿ ಹೇಳೋಕಾಗಲ್ಲ’ ಅಂದ್ರು. ಆ ಉತ್ತರ ಇಟ್ಕೊಂಡೇ ಇದ್ದೀನಿ.

ಅಣ್ಣ ನಡೀತಾನೆ, ಬೈಕ್ ಓಡಿಸ್ತಾನೆ, ಸೈಕಲ್ ತುಳೀತಾನೆ, ಸ್ವಲ್ಪ ಓಡ್ತಾನೆ. ತೊಡೆ ಇನ್ನೂ 1 ಸೆಂಟಿಮೀಟರ್ ಕಮ್ಮಿ. ಕಬಡ್ಡಿಗೆ ಡಾಕ್ಟರ್ ಇನ್ನೂ ಹೂಂ ಅಂದಿಲ್ಲ. ಅನ್ನದೇನೂ ಇರಬಹುದು, ಅದು ಅವನಿಗೂ ಗೊತ್ತು. ಸಂಜೆ ಮೈದಾನಕ್ಕೆ ಹೋಗಿ ಕುರ್ಚಿ ಹಾಕ್ಕೊಂಡು ಚಿಕ್ಕ ಹುಡುಗರ ಪಾಯಿಂಟ್ ಬರೀತಾನೆ. ನನ್ನದೇ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ.

ನಿಮ್ಮ ಹತ್ತಿರದವರಿಗೆ ಇಂಥ ಆಪರೇಷನ್ ಆದ್ರೆ, ಮೊದಲ ಎರಡು ವಾರ ಎಲ್ಲರೂ ಬರ್ತಾರೆ, ಸೇಬು, ಕಿತ್ತಳೆ ತರ್ತಾರೆ. ನಿಮ್ಮ ಕೆಲಸ ಶುರುವಾಗೋದು ಅದಾದ್ಮೇಲೆ, ಅವರು ನೋಡೋಕೆ ಚೆನ್ನಾಗಿದ್ದಾಗ. ಕ್ರಚಸ್ ಕೈಗೆ ಕೊಡಿ. ಬೋರಾಗೋ ವ್ಯಾಯಾಮಕ್ಕೆ ಪಕ್ಕದಲ್ಲಿ ಕೂತು ಎಣಿಸಿ. ಎಷ್ಟು ವಾರ, ಎಷ್ಟು ಭಾರ ಅನ್ನೋದು ಗಾಯ ಎಲ್ಲಿದೆ, ಎಷ್ಟು ದೊಡ್ಡದು ಅನ್ನೋದರ ಮೇಲೆ ಬೇರೆ ಬೇರೆ ಇರುತ್ತೆ. ನನ್ನ ಪೋಸ್ಟ್ ನೋಡಿ ಲೆಕ್ಕ ಹಾಕ್ಬೇಡಿ, ಅವರ ಡಾಕ್ಟರ್ ಹೇಳಿದ್ದನ್ನ ಕೇಳಿ. ‘ಯಾವಾಗ ಆಡ್ತೀಯ’ ಅಂತ ಮಾತ್ರ ಕೇಳ್ಬೇಡಿ. ಆ ಪ್ರಶ್ನೆ ಅವರು ದಿನಾ ರಾತ್ರಿ ತಮಗೆ ತಾವೇ ಕೇಳ್ಕೊಳ್ತಿರ್ತಾರೆ.

ಕೊನೇ ಫೋಟೋ ಅಣ್ಣನ್ನ ಕೇಳಿಯೇ ಹಾಕಿದ್ದು. ಬಾಗಿಲ ಹಿಂದೆ ಒರಗಿಸಿಟ್ಟ ಕ್ರಚಸ್. ಯಾರಿಗಾದ್ರೂ ಬೇಕಿದ್ರೆ ಮೆಸೇಜ್ ಮಾಡಿ, ತಗೊಂಡು ಹೋಗಿ. ಬೇಗ ವಾಪಸ್ ಕೊಡ್ಬೇಕು ಅಂತೇನಿಲ್ಲ.