ಹಿಮ್ಮಡಿಯ ಜಾಗ

ಕಾರ್ಪೆಟ್ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಒದ್ದೆ ಗೋಣಿಚೀಲದ ವಾಸನೆ. ಶಿವಮೊಗ್ಗದ ಅಷ್ಟೂ ಮಳೆಗಾಲಗಳನ್ನು ನಮ್ಮ ಪ್ರೀಮಿಯರ್ ಪದ್ಮಿನಿ ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು. 1984ರ ಗಾಡಿ. ಪ್ರಬಂಧದ ಮೂರನೇ ಅಧ್ಯಾಯ ಮುಗಿಸುತ್ತೇನೆಂದು ಊರಿಗೆ ಬಂದವನು ಸ್ಪ್ಯಾನರ್ ಹಿಡಿದು ಕೂತಿದ್ದೆ. ಓಡಿಸದ ಕಾರಿಗೆ ಕಾರ್ಪೆಟ್ ಯಾಕೆ ಎಂಬ ಅಮ್ಮನ ಪ್ರಶ್ನೆಗೆ ನಾವಿಬ್ಬರೂ ಉತ್ತರ ಕೊಟ್ಟಿರಲಿಲ್ಲ.

ಅಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದ ಅಪ್ಪ, "ಹಳೇದನ್ನ ಎಸೀಬೇಡ, ಅದೇ ಅಳತೆ" ಎಂದ. ನಿಜ. ಹೊಸ ತುಂಡನ್ನು ಮಗುಚಿ ಹಾಕಿ, ಹಳೆಯದನ್ನೂ ಮಗುಚಿ ಅದರ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಹಳೆಯದು ಕುಗ್ಗಿರುತ್ತದೆ, ಹಾಗಾಗಿ ಎರಡು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟ್‌ಗಾಗಿ ಪದ್ಮಿನಿಯ ನೆಲದ ನಡುವೆ ಉದ್ದಕ್ಕೂ ಒಂದು ಗುಬ್ಬು ಇದೆ. ಮೊದಲು ಅದರ ಮೇಲಿನ ತುಂಡು, ಆಮೇಲೆ ಅಕ್ಕಪಕ್ಕದವು. ಗೇರ್ ಕೋಲು ಸ್ಟೀರಿಂಗ್ ಪಕ್ಕದಲ್ಲಿರುವುದರಿಂದ ಅದಕ್ಕೊಂದು ತೂತು ಕೊರೆಯುವ ಕೆಲಸ ಉಳಿಯಿತು. ಸೀಟಿನ ಬೋಲ್ಟಿಗೆ ಡ್ರಿಲ್ ಹಾಕಲು ಹೋದೆ. ದಾರ ಸುತ್ತಿಕೊಂಡು ಒಂದು ಗೆರೆಯುದ್ದಕ್ಕೂ ಎಳೆ ಕಿತ್ತುಬಂತು. ಕುಶನ್ ಅಂಗಡಿಯವರು ನಕ್ಕು, ದಬ್ಬಳ ಕಾಯಿಸಿ ಚುಚ್ಚಲು ಹೇಳಿಕೊಟ್ಟರು. ಅಂಚು ಕರಗಿ ಅಲ್ಲೇ ಕೂರುತ್ತದೆ.

ಆದರೆ ಇದೆಲ್ಲ ಆಮೇಲಿನ ಮಾತು. ಎರಡು ದಿನ ಹೋದದ್ದು ಬರೀ ತುಕ್ಕಿಗೆ. ಡ್ರೈವರ್ ಬದಿಯಲ್ಲಿ, ಆಕ್ಸಿಲರೇಟರಿನ ಕೆಳಗೆ, ಹಳೆಯ ಕಾರ್ಪೆಟ್ ಎಂಟಾಣೆಯಷ್ಟಗಲ ಸವೆದು ಹೋಗಿತ್ತು. ಅದರಡಿಯ ತಗಡೂ ಹೋಗಿ ಅಂಗಳದ ಮಣ್ಣು ಕಾಣುತ್ತಿತ್ತು. "ಚಳಿಗಾಳಿ ಎಲ್ಲಿಂದ ಬರತ್ತೆ ಅಂತ ಹತ್ತು ವರ್ಷ ಹುಡುಕಿದೀನಿ" ಎಂದ ಅಪ್ಪ. ಅದು ಅವನ ಬಲಗಾಲಿನ ಹಿಮ್ಮಡಿಯ ಜಾಗ. ಅಲ್ಲಿ ಹಿಮ್ಮಡಿ ಊರಿ, ಪಾದವನ್ನಷ್ಟೇ ಬ್ರೇಕಿಗೂ ಆಕ್ಸಿಲರೇಟರಿಗೂ ತಿರುಗಿಸುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಸಂಜೆ ಪಾದ ಯಾವುದರ ಮೇಲಿದೆ ಎಂದು ಅವನಿಗೆ ತಿಳಿಯಲಿಲ್ಲ. ಗೇಟು ಬಗ್ಗಿತು, ಅಷ್ಟೇ. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ತೆಗೆದುಕೊಂಡಿತ್ತು. ಕೀಲಿಯನ್ನು ಅವನೇ ದೇವರ ಗೂಡಿನಲ್ಲಿಟ್ಟ.

ತೂತಿಗೆ ತಗಡು ಬೆಸೆಸಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು ಒಣಗಿಸಿದೆ. ಹಿಮ್ಮಡಿಯ ಜಾಗಕ್ಕೆ ರಬ್ಬರ್ ತುಂಡು ಹೊಲಿಸಲೇಬೇಕೆಂದು ಅಪ್ಪನ ಹಟ. ಹಳೆಯ ತೂತಿನ ನೇರಕ್ಕೆ ಗುರುತು ಹಾಕುತ್ತಿದ್ದೆ. "ಅಲ್ಲಲ್ಲ, ನೀನು ಕೂತ್ಕೋ" ಎಂದು ನನ್ನನ್ನು ಕೂರಿಸಿ, ಬ್ರೇಕ್ ಒತ್ತಿಸಿ, ಕಷ್ಟಪಟ್ಟು ಬಗ್ಗಿ, ನನ್ನ ಹಿಮ್ಮಡಿಯ ಸುತ್ತ ಸೀಮೆಸುಣ್ಣ ಎಳೆದ. ಅದು ಅವನದಕ್ಕಿಂತ ಎರಡು ಬೆರಳು ಹಿಂದಿತ್ತು.

ಎಲ್ಲ ಮುಗಿದ ಮೇಲೆ ಅವನೂ ಬಂದು ಕೂತ. ಚಪ್ಪಲಿ ಕಳಚಿ ಬಲಗಾಲನ್ನು ಕಾರ್ಪೆಟ್ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದ.

"ಮೆತ್ತಗಿದೆಯೇನೋ?"

"ಹೂಂ ಅಪ್ಪ."

ಬಗ್ಗಿ, ಕೈಯಿಂದ ಮುಟ್ಟಿ ನೋಡಿದ.